ಮಾಸಲು ಬೇಕಾದ ಕಾಲ

ಕೊಳ್ಳೇಗಾಲ
5 ನವೆಂಬರ್ 2024

ಪ್ರೀತಿಯ ದೀಪ,

ದೀಪಾವಳಿಗೆ ಬಂದವಳು ಬಚ್ಚಲ ಗೋಡೆಯ ಟೈಲ್ಸಿಗೆ ಅಂಟಿಸಿಟ್ಟು ಮರೆತುಹೋದ ಪಟ್ಟಿ ಈಗ ನಿನ್ನ ಅಜ್ಜಿಯ ಮೊಣಕಾಲಿನ ಮೇಲಿದೆ.

ನಿನ್ನೆ ಬೆಳಿಗ್ಗೆ ಸ್ನಾನ ಮುಗಿಸಿ, ಸೀರೆಯನ್ನು ಮಂಡಿಯವರೆಗೆ ಎತ್ತಿಕೊಂಡೇ ಹಾಲಿಗೆ ಬಂದರು. "ನೋಡಮ್ಮಿ ಯಶೋದ, ದೀಪು ನಂಗೇಂತ ನೋವಿನ ಪಟ್ಟಿ ತಂದು ಗ್ವಾಡೆಗೆ ಅಂಟ್ಸಿ ಓಗವ್ಳೆ. ಬಾಯ್ಬುಟ್ಟು ಏಳ್ನಿಲ್ಲ ನೋಡು ಕೂಸು" ಎಂದರು. ಮೆತ್ತಗಿದೆ, ನೀರಿನ ಹಾಗೆ ತಿಳಿಯಾಗಿದೆ, ಯಾವ ವಾಸನೆಯೂ ಇಲ್ಲ. ಎಳೆದು ನೋಡಲು ಹೋದರೆ ಕೈಗೆ ಹೊಡೆದರು. "ಬುಡು, ಕೀಳ್ಬ್ಯಾಡ. ಆಗ್ಲೇ ಅರ್ಧ ನೋವು ಓಯ್ತು ಕನ. ಇನ್ನೊಂದ್ ಮಂಡಿಗೂ ತರಕೇಳು" ಎಂದರು.

ಕಾಲೇಜಿನಿಂದ ಬರುವಾಗ ಮೆಡಿಕಲ್ ಶಾಪಿನಲ್ಲಿ ಅಂಥದ್ದೇ ಇದೆಯೇ ಎಂದು ಕೇಳಿದೆ. ಅಂಗಡಿಯವರು ನನ್ನ ಮಾತು ಕೇಳಿ, "ಅದು ನೋವಿಂದಲ್ಲ ಮೇಡಂ, ಆಪರೇಶನ್ ಆದ್ಮೇಲೆ ಕಲೆ ಎದ್ದು ಕಾಣ್ದಂಗೆ ಆಕೋದು. ಯಾರ್ಗೆ ಆಪರೇಶನ್ನು?" ಎಂದರು. ಯಾರಿಗೂ ಇಲ್ಲ ಎಂದು ಹೇಳಿ ಬಂದೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ಬೆನ್ನ ಹಿಂದೆಯೇ ಬಂತು.

ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ತರಬೇತಿ ಎಂದಿದ್ದೆ ನೀನು. ಹಬ್ಬಕ್ಕೆ ಬಂದಾಗ ನೀರಿನ ಬಿಂದಿಗೆ ಎತ್ತಲಿಲ್ಲ. ನರಕ ಚತುರ್ದಶಿಯ ಎಣ್ಣೆ ಸ್ನಾನಕ್ಕೆ ಬೆನ್ನು ಕೊಡದೆ ಚಿಲಕ ಹಾಕಿಕೊಂಡೆ. ದೊಡ್ಡವಳಾದಳು, ನಾಚಿಕೆ ಎಂದು ನಾನು ಅಂದುಕೊಂಡೆ. ಏನಾಗಿದೆ ನಿನಗೆ? ಗಡ್ಡೆಯೇ? ಗರ್ಭಕೋಶವೇ? ಫೋನಿನಲ್ಲಿ ಕೇಳಲಾರೆ, ಅಜ್ಜಿ ಪಕ್ಕದಲ್ಲೇ ಕೂತಿರುತ್ತಾರೆ, ನೀನೂ "ಆಮೇಲೆ ಹೇಳ್ತೀನಿ" ಎಂದು ಇಟ್ಟುಬಿಡುತ್ತೀಯ. ನಿನ್ನ ಅಪ್ಪ ಹೋದಮೇಲೆ ಈ ಮನೆಯಲ್ಲಿ ಹೆದರುವ ಕೆಲಸ ನನ್ನೊಬ್ಬಳ ಪಾಲಿಗೇ ಬಂದಿದೆ.

ನಿಮ್ಮ ಬಂಡಳ್ಳಿ ಶಾಲೆಯ ಚೆನ್ನಯ್ಯ ಮೇಷ್ಟ್ರು ದಿನವೂ ಇಲ್ಲಿಂದಲೇ ಬರುತ್ತಾರಲ್ಲ, ಅವರ ಕೈಯಲ್ಲಿ ಸಾರಿನ ಪುಡಿಯ ಜೊತೆ ಇದನ್ನು ಕಳಿಸುತ್ತಿದ್ದೇನೆ. ಒಳ್ಳೆಯವರೇ, ಆದರೂ ಲಕೋಟೆಗೆ ಎರಡು ಸಲ ಅಂಟು ಹಾಕಿದ್ದೇನೆ.

ಕಾಯುತ್ತಿರುವ,
ಅಮ್ಮ


ಹನೂರು
11 ನವೆಂಬರ್ 2024

ಅಮ್ಮ,

ಕ್ಯಾನ್ಸರ್ ಅಲ್ಲ, ಗಡ್ಡೆಯೂ ಅಲ್ಲ. ಮೊದಲು ಅದನ್ನು ಬರೆದುಬಿಡುತ್ತೇನೆ.

ಎದೆಯ ಗಾತ್ರ ಕಡಿಮೆ ಮಾಡಿಸಿಕೊಂಡೆ. ಮೈಸೂರಿನಲ್ಲಿ. ತರಬೇತಿ ಎಂದದ್ದು ಸುಳ್ಳು. ರಜೆ ಹಾಕಿ ಮೀನಾಳ ಮನೆಯಲ್ಲಿದ್ದೆ. ಬಿ.ಪಿ.ಎಡ್ ಓದುವಾಗ ನನ್ನ ರೂಮಿನಲ್ಲಿದ್ದಳಲ್ಲ, ಅದೇ ಮೀನಾ.

ಯಾಕೆ ಎಂದು ಕೇಳುತ್ತೀಯ. ನಾನು ಆಟ ಹೇಳಿಕೊಡುವ ಮೇಷ್ಟ್ರು, ಅಮ್ಮ. ಮೈದಾನದಲ್ಲಿ ಓಡಿ ತೋರಿಸಬೇಕು, ಹಾರಿ ತೋರಿಸಬೇಕು. ಹೋದ ವರ್ಷ ತಾಲ್ಲೂಕು ಕ್ರೀಡಾಕೂಟಕ್ಕೆ ಮಕ್ಕಳನ್ನು ತಯಾರು ಮಾಡುವಾಗ, ನಾನು ಓಡುತ್ತಿದ್ದರೆ ಕಾಂಪೌಂಡಿನ ಆಚೆ ನಿಂತವರು ಹೆಜ್ಜೆಗೊಂದು ಸಲ ಚಪ್ಪಾಳೆ ತಟ್ಟಿದರು. ಮಕ್ಕಳು ನಗಲಿಲ್ಲ. ತಲೆ ತಗ್ಗಿಸಿದರು. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಭುಜದಲ್ಲಿ ಒಳಉಡುಪಿನ ಪಟ್ಟಿ ಕೊರೆದ ಗುಳಿ, ಕತ್ತು ನೋವು, ಬೇಸಿಗೆಯಲ್ಲಿ ಅಡಿಯಲ್ಲಿ ಏಳುವ ಬೊಕ್ಕೆ, ಇವೆಲ್ಲ ನಿನಗೆ ಗೊತ್ತಿರಬೇಕು. ಗೊತ್ತಿದೆಯೋ ಇಲ್ಲವೋ, ನಾವು ಯಾವತ್ತೂ ಮಾತಾಡಿಲ್ಲ.

ಈಗ ಇರುವುದು ಕಲೆ. ತೊಟ್ಟಿನ ಸುತ್ತ ಒಂದು ಗೆರೆ, ಅಲ್ಲಿಂದ ನೇರ ಕೆಳಗೆ ಒಂದು, ಬುಡದ ಮಡಿಕೆಯುದ್ದಕ್ಕೂ ಒಂದು. ಕೆಂಪಗಿವೆ. ಮೊದಲ ಕೆಲವು ತಿಂಗಳು ಇನ್ನೂ ಕೆಂಪಾಗಿ ದಪ್ಪವಾಗಬಹುದು, ಹೆದರಬೇಡಿ ಎಂದಿದ್ದಾರೆ ಡಾಕ್ಟರು. ಮಾಸಿ ತೆಳುವಾಗಲು ವರ್ಷ, ಒಂದೂವರೆ ವರ್ಷ. ಪೂರ್ತಿ ಹೋಗುವುದಿಲ್ಲ. ಆ ಪಟ್ಟಿಯನ್ನು ಸ್ನಾನದ ಹೊತ್ತು ಬಿಟ್ಟು ಹಗಲೂ ರಾತ್ರಿ ಹಾಕಿಕೊಂಡಿರಬೇಕು, ತೊಳೆದು ಒಣಗಿಸಿ ಮತ್ತೆ ಹಾಕಬೇಕು. ಬೆರಳಿನಿಂದ ಮೆಲ್ಲಗೆ ಒತ್ತಿ ತಿರುಗಿಸಬೇಕು. ಬಿಸಿಲು ತಾಗಬಾರದು. ಇದನ್ನೆಲ್ಲ ತಪ್ಪದೆ ಮಾಡುತ್ತಿದ್ದೇನೆ. ಓದುವಾಗ ಹೀಗೆ ಶ್ರದ್ಧೆ ಇದ್ದಿದ್ದರೆ ನೀನು ಎಷ್ಟು ಸಂತೋಷಪಡುತ್ತಿದ್ದೆ!

ಅಜ್ಜಿಯ ಮಂಡಿಯಿಂದ ಪಟ್ಟಿ ಕೀಳಬೇಡ. ನನ್ನ ಹತ್ತಿರ ಇನ್ನೊಂದು ಇದೆ.

ಬಯ್ಯುವುದಾದರೆ ಬಯ್ದು ಬರೆ.

ನಿನ್ನ,
ದೀಪ


ಕೊಳ್ಳೇಗಾಲ
20 ಡಿಸೆಂಬರ್ 2024

ಪ್ರೀತಿಯ ದೀಪ,

ಬರೆದೆ, ಹರಿದೆ. ಮತ್ತೆ ಬರೆದೆ. ಬಯ್ಯಲು ಕೂತರೆ ಬಯ್ಗುಳ ಬರಲಿಲ್ಲ, ಸಮಾಧಾನ ಹೇಳಲು ಕೂತರೆ ಅದೂ ಬರಲಿಲ್ಲ. ಚೆನ್ನಯ್ಯ ಮೇಷ್ಟ್ರು ಎರಡು ಸಲ "ಏನೂ ಕಳ್ಸೋದಿಲ್ವಾ ಮೇಡಂ?" ಎಂದು ಗೇಟಿನಲ್ಲಿ ಕೇಳಿ ಹೋದರು.

ನನ್ನ ಗೊಂದಲ ಹೇಗಿದೆ ಎಂದರೆ, ಅದನ್ನು ಕ್ರಮವಾಗಿ ಬರೆಯಲು ಆಗುತ್ತಿಲ್ಲ. ಪದವಿ ತರಗತಿಗೆ ಹಳೆಯ ಕಾವ್ಯ ಪಾಠ ಮಾಡುತ್ತೇನೆ. ನಾಯಕಿಯ ವರ್ಣನೆ ಬಂದಾಗ ಕಣ್ಣು, ಮೂಗು, ನಡೆ ಎಲ್ಲ ಹೇಳಿ, ಆ ಎರಡು ಪದ್ಯಗಳನ್ನು ಮಾತ್ರ "ಇದು ನೀವೇ ಓದಿಕೊಳ್ಳಿ" ಎಂದು ದಾಟಿಬಿಡುತ್ತೇನೆ. ಅವರು ಅದನ್ನೇ ಮೊದಲು ಓದಿ ಬಂದಿರುತ್ತಾರೆ. ಕವಿಗಳು ಅಷ್ಟು ಹಾಡಿದ್ದನ್ನು ನಾನು ಬಾಯಲ್ಲಿ ಹೇಳಲಾರೆ, ನೀನು ಮೈಮೇಲೆ ಇಟ್ಟುಕೊಳ್ಳಲಾರೆ. ಯಾರದು ಸರಿ?

ಇನ್ನೊಂದು ಮಾತು. ಬರೆಯಬಾರದೇನೋ. ನಿನ್ನ ಕಣ್ಣು ಅಪ್ಪನದು, ಉದ್ದ ಅಪ್ಪನದು. ನನ್ನಿಂದ ಬಂದದ್ದು ಆ ಮೈಕಟ್ಟು ಒಂದೇ. ನಾನೂ ಹಾಗೆಯೇ ಇದ್ದೇನೆ, ಮೂವತ್ತೈದು ವರ್ಷ ಸೆರಗು ಎಳೆದುಕೊಂಡೇ ಬಂದಿದ್ದೇನೆ. ನನ್ನ ಭುಜದಲ್ಲೂ ಆ ಗುಳಿಗಳಿವೆ. ನನ್ನಿಂದ ಬಂದ ಒಂದನ್ನು ನೀನು ಕತ್ತರಿಸಿ ಹಾಕಿದೆ ಎಂದು ಒಂದು ದಿನ ಅನ್ನಿಸುತ್ತದೆ. ಮರುದಿನ, ನನ್ನ ಕಾಲದಲ್ಲಿ ಇಂಥದ್ದು ಇದ್ದಿದ್ದರೆ ನಾನೇನು ಮಾಡುತ್ತಿದ್ದೆ ಎಂದು ಯೋಚನೆ ಬಂದು ಗಾಬರಿಯಾಗುತ್ತದೆ.

ಅಗರದಿಂದ ನಿನ್ನ ಮಹಾಲಕ್ಷ್ಮಿ ಅತ್ತೆ ಬಂದಿದ್ದಳು. ಯಳಂದೂರಿನ ಕಡೆ ಹುಡುಗ, ಮಹದೇವಪ್ರಸಾದ್ ಎಂದು ಹೆಸರು, ಕರೆಂಟ್ ಆಫೀಸಿನಲ್ಲಿ ಕೆಲಸ. ನಿನ್ನ ಫೋಟೋ ನೋಡಿ ಒಪ್ಪಿದ್ದಾರಂತೆ. ಅದು ಹೋದ ವರ್ಷದ ಫೋಟೋ. ಇದನ್ನು ಹೇಳಬೇಕೋ ಬೇಡವೋ ತಿಳಿಯದೆ ಕಾಫಿ ಕೊಟ್ಟು ಕಳಿಸಿದೆ.

ಹರಳೆಣ್ಣೆಗೆ ಕಸ್ತೂರಿ ಅರಿಶಿನ ಹಾಕಿ ಕಾಸಿ ಕಳಿಸಿದ್ದೇನೆ. ನೀನು ಹುಟ್ಟಿದಾಗ ನನ್ನ ಹೊಟ್ಟೆಯ ಗೆರೆಗಳಿಗೆ ನಿನ್ನ ಅಜ್ಜಿ ಹಚ್ಚುತ್ತಿದ್ದದ್ದು ಇದನ್ನೇ. ಹಚ್ಚಿಕೊ.

ಅಮ್ಮ


ಹನೂರು
9 ಜನವರಿ 2025

ಅಮ್ಮ,

ಹಚ್ಚಿಕೊಂಡೆ. ಮೂರನೇ ದಿನಕ್ಕೆ ಗೆರೆಯುದ್ದಕ್ಕೂ ಗುಳ್ಳೆ ಎದ್ದು, ತುರಿಕೆ ತಡೆಯಲಾರದೆ ಮೈಸೂರಿಗೆ ಓಡಿದೆ. ಡಾಕ್ಟರು ಸೀಸೆ ಮೂಸಿ ನೋಡಿ, "ಯಾರು ಕಾಸಿದ್ದು? ಪರಿಮಳ ಚೆನ್ನಾಗಿದೆ, ತಲೆಗೆ ಹಚ್ಚಿಕೊಳ್ಳಿ" ಎಂದರು. ಗುಳ್ಳೆ ಒಣಗಿದೆ. ಆದರೆ ಎಡಗಡೆ ಗೆರೆಯ ತುದಿ ಅವರೆಕಾಳಿನಷ್ಟು ಉಬ್ಬಿದೆ. ಎಣ್ಣೆಯಿಂದ ಅಲ್ಲ, ಕೆಲವರ ಚರ್ಮವೇ ಹಾಗೆ ಎಂದರು. ಬೇಕಾದರೆ ಆಮೇಲೆ ಇಂಜೆಕ್ಷನ್ ಕೊಡುತ್ತಾರಂತೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಸ್ವಲ್ಪ ಇತ್ತು, ಬಸ್ಸು ಕೊಳ್ಳೇಗಾಲ ದಾಟುವಾಗ ಇಳಿದು ಜಗಳ ಆಡಿ ಬರೋಣ ಎನ್ನುವಷ್ಟು. ಇಳಿಯಲಿಲ್ಲ.

ನಿನ್ನಿಂದ ಬಂದದ್ದನ್ನು ಕತ್ತರಿಸಿ ಹಾಕಿದೆ ಎಂದು ಬರೆದಿದ್ದೀಯ. ಮಾಡಿಸಿಕೊಳ್ಳುವಾಗ ನಿನ್ನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ ಅಮ್ಮ. ಅದು ಹೆಚ್ಚು ನೋವಿನ ಉತ್ತರವೇನೋ.

ಮಹದೇವಪ್ರಸಾದ್ ಅವರನ್ನು ನೋಡಿದೆ. ಅತ್ತೆ ಯಳಂದೂರಿಗೆ ಕರೆಸಿದ್ದಳು. ಕಡಿಮೆ ಮಾತು. ನಾನು ಕಬಡ್ಡಿ ಆಡುತ್ತಿದ್ದೆ ಎಂದರೆ "ರೈಡರಾ, ಡಿಫೆಂಡರಾ?" ಎಂದು ಕೇಳಿದ ಮೊದಲ ಗಂಡು. ಇಷ್ಟವಾಯಿತು.

ಮದುವೆಯನ್ನು ಕಾರ್ತೀಕಕ್ಕೆ ಇಡಲು ಹೇಳು. ಅಷ್ಟರಲ್ಲಿ ವರ್ಷ ದಾಟಿರುತ್ತದೆ, ಕಲೆ ಮಾಸಿರುತ್ತದೆ. ಕಾರಣ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು.

ದೀಪ


ಕೊಳ್ಳೇಗಾಲ
18 ಫೆಬ್ರವರಿ 2025

ಪ್ರೀತಿಯ ದೀಪ,

ನಿಶ್ಚಿತಾರ್ಥದಲ್ಲಿ ನೀನು ಚೆನ್ನಾಗಿ ಕಂಡೆ. ನೆಟ್ಟಗೆ ನಿಂತಿದ್ದೆ. ಹಾಗೆ ನಿಂತದ್ದನ್ನು ನಾನು ಮೊದಲು ನೋಡಿರಲಿಲ್ಲ.

ಕಾರ್ತೀಕದ ಮಾತು ಎತ್ತಿದೆ. ಕಾಲೇಜಿನ ಪರೀಕ್ಷೆ, ಮೌಲ್ಯಮಾಪನ ಎಂದು ಏನೇನೋ ಹೇಳಿದೆ. ಮಹಾಲಕ್ಷ್ಮಿ ಬಾಯಿ ಹಾಕಿದಳು. "ಕಾರ್ತೀಕವಾ? ಅಲ್ಲೀಗಂಟ ಉಡ್ಗನ್ನ ಉಪ್ಪಿನ್ಕಾಯಿ ಆಕಿ ಮಡಗವಾ ಅತ್ಗೆ?" ಎಲ್ಲರೂ ನಕ್ಕರು. ಗಂಡಿನ ಕಡೆಯವರೂ ನಕ್ಕರು. ನಗುತ್ತಲೇ ವೈಶಾಖಕ್ಕೆ ದಿನ ಇಟ್ಟುಬಿಟ್ಟರು.

ಅವರೆಲ್ಲ ಹೋದಮೇಲೆ ಅವಳು ನಿನ್ನ ಅಜ್ಜಿಯ ಕಾಲ ಬಳಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಮದುವೆ ಹಿಂದಿನ ದಿನದ ಶಾಸ್ತ್ರದ ಮಾತು ತೆಗೆದಳು. "ನಮ್ಮಣ್ಣನ ಮಗ್ಳ ಮೈಗೆ ಎಣ್ಣೆ ಅರಿಶ್ಣ ಮುಟ್ಸೋಳು ನಾನೇ ಕನವ್ವ. ಈಗ್ನೋರಂಗೆ ಕೆನ್ನೆಗೊಂದು ಬೊಟ್ಟು ಇಕ್ಬುಟ್ಟು ಫೋಟಾ ತಗ್ಸದಲ್ಲ. ಕುಪ್ಸ ತಗ್ದು, ಒಂಟಿ ಸೀರೇಲಿ ಮಣೆ ಮ್ಯಾಲೆ ಕೂರ್ಸಿ, ಐದ್ ಜನ ಮುತ್ತೈದೇರು ಉಜ್ಜಿ ನೀರ್ ಉಯ್ಬೇಕು."

"ಈಗಿನ ಹುಡುಗಿಯರು ಅದಕ್ಕೆಲ್ಲ ಒಪ್ಪುವುದಿಲ್ಲ ಮಹಾಲಕ್ಷ್ಮಿ" ಎಂದೆ.

"ಯಾಕೆ, ಅವ್ಳ ಮೈಯೇನ್ ಚಿನ್ದಲ್ ಮಾಡವ್ರಾ? ನಂಗ್ ಕಾಣ್ದೇ ಇರೋದಾ? ಎಳೆಗೂಸಾಗಿದ್ದಾಗ ಕಾಲ್ಮೇಲ್ ಆಕಂಡು ನೀರ್ ಉಯ್ದಿರೋಳು ನಾನು."

ಮುಚ್ಚಿಡುವುದು ಏನನ್ನು, ಯಾಕೆ ಎಂದು ನನಗೇ ಸ್ಪಷ್ಟವಿಲ್ಲ. ನೀನು ಯಾರಿಗೂ ಕೆಡುಕು ಮಾಡಿಲ್ಲ. ಆದರೂ ಅವಳ ಕಣ್ಣಿಗೆ ಬಿದ್ದದ್ದು ಅಗರದಿಂದ ಯಳಂದೂರಿಗೆ ಬಸ್ಸಿಗಿಂತ ಮುಂಚೆ ತಲುಪುತ್ತದೆ. ಅಲ್ಲಿ ಅದು ಯಾವ ಕಾಯಿಲೆಯಾಗಿ ಬೆಳೆದಿರುತ್ತದೋ! ಏನು ಮಾಡಲಿ, ನೀನೇ ಹೇಳು.

ಅಮ್ಮ


ಹನೂರು
24 ಮಾರ್ಚ್ 2025

ಅಮ್ಮ,

ಮಹದೇವಪ್ರಸಾದ್ ಅವರಿಗೆ ಹೇಳಿದೆ. ಅತ್ತೆಯ ಬಾಯಿಂದ ಹೋಗುವ ಮೊದಲು ನನ್ನ ಬಾಯಿಂದಲೇ ಹೋಗಲಿ ಎಂದು.

ಎರಡು ವಾರದ ಹಿಂದಿನ ಭಾನುವಾರ ಯಳಂದೂರಿನ ಹೋಟೆಲಿನಲ್ಲಿ ಕೂತಿದ್ದೆವು. ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ದೋಸೆಯನ್ನು ಚೂರು ಚೂರು ಮಾಡಿದರು, ತಿನ್ನಲಿಲ್ಲ. "ನೋವಾಯ್ತಾ?" ಎಂದರು. ಆಯ್ತು ಎಂದೆ. ತಟ್ಟೆ ಪಕ್ಕಕ್ಕೆ ಸರಿಸಿ, "ನಾಳೆ ಮಗು ಆದ್ರೆ ಆಲು?" ಎಂದರು. ಬರಬಹುದು, ಕಡಿಮೆ ಬರಬಹುದು, ಬರದೆಯೂ ಇರಬಹುದು, ಈಗಲೇ ಹೇಳಲಾಗುವುದಿಲ್ಲ ಎಂದಿದ್ದಾರೆ ಡಾಕ್ಟರು ಎಂದೆ. ತಲೆಯಾಡಿಸಿದರು. ಆಮೇಲೆ, "ಇದ ನಮ್ಮವ್ವಂಗೂ ಏಳ್ಬೇಕಾ?" ಎಂದರು.

"ನಿಮ್ಮವ್ವನ್ನ ಮದ್ವೆ ಆಯ್ತಿರೋದಾ ನಾನು?" ಎಂದೆ. ಪಕ್ಕದ ಟೇಬಲ್ಲಿನವರು ತಿರುಗಿ ನೋಡುವ ಹಾಗೆ ನಕ್ಕುಬಿಟ್ಟರು.

ನಕ್ಕರಲ್ಲ, ಒಪ್ಪಿದರು ಎಂದುಕೊಂಡು ಬಂದೆ. ಆಮೇಲೆ ವಾರ ಕಳೆದರೂ ಫೋನ್ ಇಲ್ಲ. ನಿನ್ನೆ ಮಾಡಿದರು. ಫೋಟೋಗ್ರಾಫರ್ ಯಾರು, ಊಟಕ್ಕೆ ಹೋಳಿಗೆಯೋ ಪಾಯಸವೋ ಎಂದು ಕಾಲು ಗಂಟೆ ಮಾತಾಡಿದರು. ಅದರ ಬಗ್ಗೆ ಒಂದು ಮಾತಿಲ್ಲ. ಇದು ಒಪ್ಪಿಗೆಯೋ, ಒಪ್ಪಿಗೆಯಲ್ಲದ್ದೋ? ನಿನಗೆ ಅರ್ಥವಾದರೆ ಬರೆ. ನನಗೆ ಮದುವೆಯಾಗುವ ಆಸೆ ಇದೆ, ಅದಂತೂ ಗೊತ್ತು.

ಕನ್ನಡಿಯಲ್ಲಿ ನೋಡಿಕೊಳ್ಳುತ್ತೇನೆ. ಅಡಿಯ ಗೆರೆಗಳು ಕಂದು ಬಣ್ಣಕ್ಕೆ ತಿರುಗಿವೆ. ಆ ಉಬ್ಬು ಹಾಗೆಯೇ ಇದೆ. ಗಂಡನಾಗುವವರಿಗೆ ಹೇಳಿಯಾಯಿತು, ಅವರು ನೋಡಲಿ. ಡಾಕ್ಟರು ನೋಡಲಿ. ಆದರೆ ಐದು ಜನ ಹೆಂಗಸರು ಸುತ್ತ ಕೂತು, ಇದೇನಮ್ಮಿ, ಅದೇನಮ್ಮಿ ಎಂದು ಬೆರಳಿಟ್ಟು ಕೇಳುವುದನ್ನು ನಾನು ತಾಳಲಾರೆ.

ನೀನು ನೀರು ಹುಯ್ಯಿ, ಅಮ್ಮ. ನೀನೊಬ್ಬಳೇ.

ದೀಪ


ಕೊಳ್ಳೇಗಾಲ
2 ಏಪ್ರಿಲ್ 2025

ದೀಪ,

ನೀನು ಕೇಳಿದ್ದು ನನ್ನಿಂದ ಆಗದು. ನಾನು ಗಂಡ ಸತ್ತವಳು. ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಕಾಲೇಜಿನಲ್ಲಿ ಹೇಳಿಕೊಂಡು ಬಂದವಳೇ, ಆದರೂ ಎಲ್ಲರ ಮನೆಯ ಶಾಸ್ತ್ರದಲ್ಲಿ ಯಾರೂ ಹೇಳುವ ಮೊದಲೇ ಎದ್ದು ಅಡುಗೆ ಮನೆಗೆ ಹೋಗುತ್ತೇನೆ. ಕಾಲು ತಾನೇ ಹೋಗುತ್ತದೆ.

ನಿನ್ನ ಅಜ್ಜಿಗೆ ಸುಮ್ಮನೆ ಕೇಳಿ ನೋಡಿದೆ, ನಾನು ಹುಯ್ದರೆ ಹೇಗೆ ಎಂದು. "ಬ್ಯಾಡ ಕನ ಮಗ" ಎಂದು ನನ್ನ ಕೈ ಹಿಡಿದುಕೊಂಡರು. "ನಿನ್ ಮ್ಯಾಲೆ ಯಾಕ್ ಕೋಪ ನಂಗೆ? ಕೂಸ್ಗೆ ಏನಾರ ಆದ್ರೆ ಅನ್ನೋ ಭಯ. ನಮ್ಮಂತೋರ ಕೈ ಬ್ಯಾಡ." ನಮ್ಮಂಥವರು ಎಂದರು. ಅವರ ಮಾತು ಸುಳ್ಳು ಎಂದು ನನಗೆ ಗೊತ್ತು. ಅಷ್ಟು ಗೊತ್ತಿದ್ದೂ ಎದ್ದು ಅಡುಗೆ ಮನೆಗೆ ಹೋದೆ.

ಬೇರೆ ದಾರಿ ಯೋಚಿಸುತ್ತೇನೆ. ಅರಿಶಿನ ಮೈಗೆ ಆಗುವುದಿಲ್ಲ ಎಂದು ಮಹಾಲಕ್ಷ್ಮಿಗೆ ಹೇಳುತ್ತೇನೆ.

ಅಮ್ಮ


ಹನೂರು
14 ಏಪ್ರಿಲ್ 2025

ಅಮ್ಮ,

ಅರಿಶಿನದ ವಿಷಯ ನೀನು ಹೇಳಿದ ಸಂಜೆಯೇ ಅತ್ತೆ ನನಗೆ ಫೋನ್ ಮಾಡಿದ್ದಳು. "ಅರಿಶ್ಣಾನೇ ಆಗ್ದಿರೋ ಮೈ ಯಾವ್ದಮ್ಮಿ ಅದು? ಬಾ ನಾನ್ ನೋಡ್ತೀನಿ" ಎಂದಳು.

ಇರಲಿ ಬಿಡು. ಅವಳೇ ಹುಯ್ಯಲಿ. ಕೇಳಿದರೆ ಗಾಯ ಎನ್ನುತ್ತೇನೆ.

ದೀಪ


ಕೊಳ್ಳೇಗಾಲ
20 ಮೇ 2025

ಪ್ರೀತಿಯ ದೀಪ,

ಯಳಂದೂರಿನ ವಿಳಾಸಕ್ಕೆ ಇದು ಮೊದಲ ಕಾಗದ. ಅಂಚೆಗೇ ಹಾಕುತ್ತಿದ್ದೇನೆ.

ಆ ಶಾಸ್ತ್ರದ ದಿನ ನೀನು ಕಣ್ಣಿಗೆ ನೀರು ಹೋಗದಂತೆ ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ನೀನು ನೋಡದ್ದನ್ನು ಬರೆಯುತ್ತೇನೆ.

ನಾನು ಅಡುಗೆ ಮನೆಯ ಬಾಗಿಲಲ್ಲಿ, ಇರಬೇಕಾದ ಜಾಗದಲ್ಲೇ ಇದ್ದೆ. ಮಹಾಲಕ್ಷ್ಮಿ ಅರಿಶಿನದ ಬಟ್ಟಲು ಹಿಡಿದು ಬಚ್ಚಲಿಗೆ ಹೊರಟಿದ್ದಳು, ಹಿಂದೆ ಮುತ್ತೈದೆಯರು. ಬಾಗಿಲ ಸಂದಿಯಲ್ಲಿ ನೀನು ಕಂಡೆ. ಮಣೆಯ ಮೇಲೆ ಕೂತು, ಎರಡೂ ಕೈಯನ್ನು ಎದೆಗೆ ಅಡ್ಡ ಕಟ್ಟಿಕೊಂಡು, ಬೆನ್ನು ಬಗ್ಗಿಸಿದ್ದೆ. ನಿಶ್ಚಿತಾರ್ಥದ ದಿನ ನೆಟ್ಟಗೆ ನಿಂತವಳು. ಅಷ್ಟು ನೋವು ತಿಂದು, ಸುಳ್ಳು ಹೇಳಿ, ಹಗಲೂ ರಾತ್ರಿ ಪಟ್ಟಿ ಅಂಟಿಸಿಕೊಂಡು ನೆಟ್ಟಗೆ ಮಾಡಿಕೊಂಡ ಬೆನ್ನು ಮತ್ತೆ ಬಗ್ಗಿತ್ತು. ಯಾಕೆ ಮಾಡಿಸಿಕೊಂಡೆ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ಹೇಳಲಾರೆ. ಆ ಬೆನ್ನು ನೋಡಲಾಗಲಿಲ್ಲ, ಅಷ್ಟೇ.

ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡೆ. ಕಿತ್ತುಕೊಂಡೆ ಎಂದು ಅವಳು ಊರಿಗೆಲ್ಲ ಹೇಳಿದ್ದಾಳೆ, ಇರಬಹುದು. ನಾನೊಬ್ಬಳೇ ಒಳಗೆ ಬಂದು ಚಿಲಕ ಹಾಕಿದಾಗ ಹೊರಗೆ ಎದ್ದ ಗದ್ದಲ ನೀನೂ ಕೇಳಿದೆ. "ಅತ್ಗೆ! ಬುದ್ದಿ ನೆಟ್ಟಗದಾ ನಿಮ್ಗೆ? ಶಾಸ್ತ್ರ ಮಾಡೋರೆಲ್ಲ ಒರ್ಗವ್ರೆ, ಒಳ್ಗೇನ್ ಮಾಡೀರಿ?" ನೀನು ಕೇಳದೇ ಇದ್ದದ್ದು ಅಜ್ಜಿಯ ದನಿ. ಅವರು ಬಯ್ಯಲಿಲ್ಲ. ಬಾಗಿಲಿಗೆ ಒರಗಿ ಕೂತು, ಮೆಲ್ಲಗೆ, "ಮಾದಪ್ಪ, ಕೂಸ್ನ ಕಾಪಾಡಪ್ಪ" ಎಂದು ಅಳುತ್ತಿದ್ದರು. ಅದನ್ನು ಕೇಳುತ್ತಲೇ ನಿನ್ನ ಕೈಗಳನ್ನು ಬಿಡಿಸಿದೆ.

ನೋಡಿದೆ. ಇಷ್ಟು ತಿಂಗಳು ನನ್ನ ಮನಸ್ಸಿನಲ್ಲಿ ಅವು ಹುಣಸೆಮರದ ತೊಗಟೆಯ ಹಾಗೆ ಇದ್ದವು. ಹಾಗಿಲ್ಲ. ಮಡಿಸಿಟ್ಟ ಸೀರೆಯ ಮಡಿಕೆಯ ಗೆರೆಯಷ್ಟೇ. ಎಡಗಡೆಯ ಉಬ್ಬು ಮಾತ್ರ ಇದೆ. ಕಾಣುವುದಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಕಾಣುತ್ತವೆ. ತೋಳಿಗೆ, ಕತ್ತಿಗೆ, ಬೆನ್ನಿಗೆ, ಪಾದಕ್ಕೆ ಅರಿಶಿನ ಹಚ್ಚಿದೆ. ಅಲ್ಲಿ ಹಚ್ಚಲಿಲ್ಲ. "ಎಲ್ಲಿ ಒತ್ತಬೇಕು?" ಎಂದು ಕೇಳಿದಾಗ ನೀನು ಕಣ್ಣು ಬಿಡದೆ ನನ್ನ ಹೆಬ್ಬೆರಳನ್ನು ಹಿಡಿದು ಆ ಉಬ್ಬಿನ ಮೇಲಿಟ್ಟೆ. ಒತ್ತಿದೆ. ನಿನ್ನ ಬೆನ್ನು ಯಾವಾಗ ನೆಟ್ಟಗಾಯಿತೋ ನನಗೆ ತಿಳಿಯಲಿಲ್ಲ. ನೀರು ಹುಯ್ಯುವಾಗ ನೋಡಿದರೆ ಆಗಿತ್ತು.

ಬಾಗಿಲು ತೆಗೆದಾಗ ಮಹಾಲಕ್ಷ್ಮಿ ನನ್ನ ಕೈ ನೋಡಿದಳು. ಮೊಣಕೈಯವರೆಗೆ ಹಳದಿ. "ತೊಳ್ಕೊಳ್ಳಿ ಓಗಿ ಅತ್ಗೆ, ಜನ ನೋಡ್ತರೆ" ಎಂದಳು. ತೊಳೆಯಲಿಲ್ಲ. ಮರುದಿನ ಮಂಟಪದಲ್ಲಿ ಅಕ್ಷತೆ ಹಾಕುವಾಗಲೂ ಉಗುರಿನ ಸಂದಿಯಲ್ಲಿ ಬಣ್ಣ ಇತ್ತು.

ಅಂದಿನಿಂದ ನಿನ್ನ ಅಜ್ಜಿ ನನ್ನ ಜೊತೆ ಚೆನ್ನಾಗಿಯೇ ಇದ್ದಾರೆ. ಆದರೆ ದಿನಾ ಸಂಜೆ ಮಾದಪ್ಪನ ಪಟದ ಮುಂದೆ ಇನ್ನೊಂದು ದೀಪ ಹೆಚ್ಚಿಗೆ ಹಚ್ಚುತ್ತಾರೆ. ಕೇಳಿದರೆ ಹೇಳುವುದಿಲ್ಲ. ನಿನಗೆ ಒಂದು ನೆಗಡಿ ಬಂದರೂ ಅದು ನನ್ನ ಕೈಯಿಂದ ಬಂತು ಎಂದು ಈ ಮನೆಯಲ್ಲಿ ಇನ್ನು ಮೇಲೆ ಅನ್ನಿಸುತ್ತದೆ. ಎಂ.ಎ. ಓದಿದ ನನಗೂ ಒಂದು ಕ್ಷಣ ಅನ್ನಿಸುತ್ತದೆ, ಮೊನ್ನೆ ನೀನು ಫೋನಿನಲ್ಲಿ ಕೆಮ್ಮಿದಾಗ ಅನ್ನಿಸಿತು. ಮಾಡಿದ್ದು ಸರಿ ಎಂದು ಬೆಳಿಗ್ಗೆ ಗೊತ್ತಿರುತ್ತದೆ, ಸಂಜೆ ಆ ದೀಪ ನೋಡಿದಾಗ ಗೊತ್ತಿರುವುದಿಲ್ಲ.

ಆ ಕೆಮ್ಮಿಗೆ ಔಷಧಿ ತೆಗೆದುಕೊ. ವಾಸಿಯಾದ ದಿನ ಅಜ್ಜಿಗೆ ನೀನೇ ಫೋನ್ ಮಾಡಿ ಹೇಳು, ನನಗಲ್ಲ.

ನಿನ್ನ,
ಅಮ್ಮ